ಕೆಂಪು ಕಲ್ಲಿನ ಅಂಚು, ಸುಣ್ಣದ ಗುರುತು

ಕಲ್ಯಾಣದ ಕೋಟೆಯ ಹಿಂದಿನ ಓಣಿಯಲ್ಲಿ ಟಾಕಿ ಪೀರ್ ಪಾಷಾನ ಮನೆ ಯಾವುದೆಂದರೆ ಕೂಸುಗಳೂ ತೋರಿಸುತ್ತಿದ್ದವು. ಸವೆದ ಬೀಸುಕಲ್ಲಿಗೆ ಉಳಿ ಹಿಡಿದು ಮತ್ತೆ ಹಲ್ಲು ಮೂಡಿಸುವುದು ಅವನ ಕಸುಬು. ಟಾಕಿ ಹೊಡೆಯುವುದೆಂದರೆ ಅದೇ. ಮಗ ಸೈಫುದ್ದೀನ್ ಚಿಕ್ಕಂದಿನಲ್ಲಿ ತಂದೆಯ ಬೆನ್ನು ಹತ್ತಿ ಊರೂರು ತಿರುಗಿದ. ಕಲ್ಯಾಣದ ಕಲ್ಲು ಕಪ್ಪು, ಕಬ್ಬಿಣದಂಥದ್ದು. ಹುಮನಾಬಾದಿನ ಕಡೆಗೆ ದಿನ್ನೆ ಹತ್ತಿದರೆ ಕಲ್ಲು ಕೆಂಪು, ಮೈತುಂಬ ತೂತು, ಉಳಿ ಇಟ್ಟರೆ ಉದುರುವಂಥದ್ದು. ನೆಲ ಒಂದೇ ಇರುವಾಗ ಕಲ್ಲು ಯಾಕೆ ಎರಡು ಎಂದು ಹುಡುಗ ಕೇಳಿದ. ಅದನ್ನು ಮಾಡಿದವನನ್ನೇ ಕೇಳು ಎಂದು ತಂದೆ ನಕ್ಕುಬಿಟ್ಟ. ಮಗ ಬಿಡಲಿಲ್ಲ. ಬೆಳೆದು ಹೈದರಾಬಾದಿನ ವಿಶ್ವವಿದ್ಯಾಲಯಕ್ಕೆ ಹೋಗಿ ಅದನ್ನೇ ಕೇಳಿದ.

ಅಲ್ಲಿ ಭೂವಿಜ್ಞಾನವನ್ನು ಉರ್ದುವಿನಲ್ಲಿ ಕಲಿಸುತ್ತಿದ್ದರು. ಕೊನೆಯ ವರ್ಷದಲ್ಲಿ ಪ್ರತಿಯೊಬ್ಬನೂ ಒಂದು ಸೀಮೆಯನ್ನು ಕಾಲಲ್ಲಿ ಅಳೆದು, ಯಾವ ಕಲ್ಲು ಎಲ್ಲಿ ಮುಗಿದು ಯಾವುದು ಎಲ್ಲಿ ಹುಟ್ಟುತ್ತದೆ ಎಂಬ ನಕಾಶೆ ಬರೆದು ಕೊಡಬೇಕು. ಅದಿಲ್ಲದೆ ಪದವಿ ಇಲ್ಲ. ಸೈಫುದ್ದೀನ್ ಹುಮನಾಬಾದಿನ ದಿನ್ನೆಯನ್ನು ಆರಿಸಿಕೊಂಡ. ನಲವತ್ತೇಳರ ಚಳಿಗಾಲದಲ್ಲಿ ಮಾಣಿಕನಗರದ ಒಂದು ಕೋಣೆಯಲ್ಲಿ ಇಳಿದುಕೊಂಡು, ಸುತ್ತಿಗೆ, ದಿಕ್ಸೂಚಿ, ಒಂದು ಗಡಿಗೆ ಸುಣ್ಣ ಹಿಡಿದು ಹತ್ತಿರದ ಹುಡಗಿ ಎಂಬ ಊರಿನ ಸೀಮೆಯಲ್ಲಿ ಅಲೆದ. ಕೆಂಪು ಕಲ್ಲು ಕಪ್ಪು ಕಲ್ಲಿನ ಮೇಲೆ ಗಡಿಗೆಯ ಮುಚ್ಚಳದಂತೆ ಕೂತಿದೆ, ನಡುವೆ ಬಿಳಿ ಜೇಡಿಯ ಪದರು. ಮಳೆನೀರು ಕೆಂಪು ಕಲ್ಲಿನ ತೂತುಗಳಲ್ಲಿ ಇಳಿದು, ಜೇಡಿಗೆ ಬಂದು ತಡೆದು, ಮುಚ್ಚಳದ ಅಂಚಿನಲ್ಲಿ ಒಸರುತ್ತದೆ. ಎರಡು ಕಲ್ಲು ಕೂಡಿದ್ದು ಕಂಡಲ್ಲೆಲ್ಲ ಅವನು ಅಂಗೈಯಷ್ಟಗಲ ಸುಣ್ಣ ಬಳಿದ. ಮಣ್ಣು ಮುಚ್ಚಿ ಏನೂ ಕಾಣದ ಕಡೆ ನಕಾಶೆಯ ಮೇಲೆ ಗುರುತಿನಿಂದ ಗುರುತಿಗೆ ನೇರ ಗೆರೆ ಎಳೆದ. ಅರ್ಧ ಕೆಲಸ ಚೈತ್ರಕ್ಕೆ ಉಳಿಯಿತು.

ಚೈತ್ರ ಬರುವಷ್ಟರಲ್ಲಿ ಸೀಮೆಯ ಮೋರೆಯೇ ತಿರುಗಿತ್ತು. ನಿಜಾಮನ ಪರ ಖಾಕಿ ತೊಟ್ಟು ಊರು ಸುಲಿಯುತ್ತಿದ್ದ ರಜಾಕಾರರ ಹೆಸರು ಹೇಳಿದರೆ ತೊಟ್ಟಿಲ ಕೂಸು ಬಾಯಿ ಮುಚ್ಚುವ ಕಾಲ. ಸುಟ್ಟ ಊರುಗಳ ಸುದ್ದಿ ಸಂತೆಗೆ ಕಾಳಿಗಿಂತ ಮೊದಲು ಬರುತ್ತಿತ್ತು. ಕಲ್ಯಾಣದ ಚಹಾದಂಗಡಿಯಲ್ಲಿ ಖಾಕಿ ತೊಟ್ಟ ಇಬ್ಬರು ಸೈಫುದ್ದೀನನ ಹೆಗಲ ಮೇಲೆ ಕೈಹಾಕಿ ಕೂತರು. ಹುಮನಾಬಾದ ಕಡೆಯ ದಾರಿ, ಬಾವಿ, ಮನೆ ಎಲ್ಲ ಇರುವ ನಕಾಶೆ ನಿನ್ನ ಹತ್ತಿರ ಇದೆಯಂತೆ, ನೋಡಿ ಕೊಡುತ್ತೇವೆ ಎಂದರು. ಹೈದರಾಬಾದಿನಲ್ಲಿ ಗುರುಗಳ ಹತ್ತಿರ ಇದೆ ಎಂದು ಅವನು ಸುಳ್ಳು ಹೇಳಿದ. ನಕಾಶೆ ಅಂಗಿಯೊಳಗೇ ಇತ್ತು. ನಾಳೆ ಮನೆಗೆ ಬರುತ್ತೇವೆ ಎಂದು ಅವರು ಎದ್ದರು. ತಾಯಿ ವಜೀರಬಿ ಹೋಗಬೇಡವೆಂದು ಸೆರಗು ಒಡ್ಡಿದಳು. ಮನೆಯಲ್ಲಿದ್ದರೆ ನಕಾಶೆ ಹೋಗುತ್ತದೆ, ನಕಾಶೆ ಹೋದರೆ ಪದವಿ ಹೋಗುತ್ತದೆ ಎಂದು ಅವನು ಹುಮನಾಬಾದಿನ ದಾರಿ ಹಿಡಿದ.

ಹುಡಗಿಯ ಸೀಮೆಯಲ್ಲಿ ಮೊದಲ ಗುರುತಿನ ಹತ್ತಿರ ಬಗ್ಗಿದ್ದನೋ ಇಲ್ಲವೋ, ಬೆನ್ನಿಗೆ ಕೊಡಲಿಯ ಕಾವು ತಾಗಿತು. ಊರು ಕಾಯುವ ಗಂಡಸರು ಹಳ್ಳದಲ್ಲಿ ಹೊಂಚಿದ್ದರು. ಅವರ ಮುಂದಾಳು ಬಸವರಾಜ. ಅವನ ಅಕ್ಕನನ್ನು ಕೊಟ್ಟ ಊರನ್ನು ಹೋದ ತಿಂಗಳು ರಜಾಕಾರರು ಸುಟ್ಟಿದ್ದರು. ಅವಳು ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಬಂದು, ಇನ್ನೂ ಯಾರೊಡನೆಯೂ ಮಾತಾಡಿರಲಿಲ್ಲ.

ಸೈಫುದ್ದೀನನನ್ನು ಎಳೆದುಕೊಂಡು ಹೋಗಿ ಊರ ಮುಂದಿನ ಕಟ್ಟೆಯ ಕೆಳಗೆ ನಿಲ್ಲಿಸಿದರು. ಅಂಗಿಯೊಳಗಿನ ನಕಾಶೆ ಹೊರಗೆ ಬಂತು. ಮನೆಗೊಂದು ಚುಕ್ಕೆ, ಬಾವಿಗೊಂದು ಉಂಗುರ, ಸುತ್ತಲೂ ಉರ್ದು ಅಕ್ಷರ. ಊರವರಿಗೆ ಇನ್ನೇನು ಬೇಕು? ಸುಣ್ಣದ ಗುರುತುಗಳ ಭಯ ಮಾಘದಿಂದಲೇ ಅವರ ಹೊಟ್ಟೆಯಲ್ಲಿ ಕೂತಿತ್ತು. ಹೊಲದ ಬಾಂದಿಗೆ ಸುಣ್ಣ ಬಳಿಯುವುದುಂಟು, ದೇವರ ಕಲ್ಲಿಗೂ ಉಂಟು. ಆದರೆ ಇವು ಬಾಂದಿನ ಮೇಲಿಲ್ಲ, ಗುಡಿಯ ಹತ್ತಿರವಿಲ್ಲ. ಎಲ್ಲವೂ ಬಾವಿಯ ಮಗ್ಗುಲಲ್ಲಿ, ಒರತೆಯ ದಂಡೆಯಲ್ಲಿ. ಸುಲಿಯಲು ಬರುವವರು ಮೊದಲು ನೀರು ಹಿಡಿಯುತ್ತಾರೆ, ಅದಕ್ಕೇ ಯಾರೋ ಗುರುತು ಹಾಕಿದ್ದಾರೆ ಎಂದು ಊರು ತೀರ್ಮಾನಿಸಿತ್ತು. ಒಳಗೆ ಜೇಡಿ ಇದ್ದದ್ದರಿಂದ ಅಲ್ಲಿ ನೀರಿತ್ತು, ಜೇಡಿ ಇದ್ದದ್ದರಿಂದಲೇ ಸುಣ್ಣವೂ ಬಿದ್ದಿತ್ತು. ಕೊಡಲಿ ಹಿಡಿದವರಿಗೆ ಅದನ್ನು ಹೇಳುವುದು ಹ್ಯಾಗೆ?

ಕಟ್ಟೆಯ ಮೇಲಿದ್ದ ಮುದುಕಿ ಸುಂದರಬಾಯಿ ಕಣ್ಣು ಕಿರಿದು ಮಾಡಿ ನೋಡಿದಳು.

"ನೀ ಟಾಕಿ ಪೀರ್ ಪಾಷಾನ ಮಗ ಅಲ್ಲೇನು?"

"ಹೌದ್ರಿ ಆಯಿ."

"ನಮ್ಮನಿ ಬೀಸುಕಲ್ಲಿಗಿ ಅವನೇ ಹಲ್ಲ ಕಟ್ಟಿದವ. ಒಳ್ಳೇ ಮನಶ್ಯಾ."

"ತಂದಿ ಒಳ್ಳೇವ ಇದ್ರ ಮಗಾನೂ ಒಳ್ಳೇವ ಇರ್ತಾನೇನು ಆಯಿ?" ಎಂದ ಬಸವರಾಜ. ಆಮೇಲೆ ಸೈಫುದ್ದೀನನ ಕಡೆ ತಿರುಗಿದ. "ಒಂದ ಮಾತು ಕೇಳ್ತೀನಿ. ಈ ನಕಾಶಾ ಮತ್ಯಾರರ ಕೇಳ್ಯಾರೇನು?"

ಇಲ್ಲ ಎಂದರೆ ಮುಗಿಯುತ್ತಿತ್ತು. ನಾಲಗೆಯ ತುದಿಗೆ ಇಲ್ಲ ಬಂದೂ ಇತ್ತು. ಚಹಾದಂಗಡಿಯಲ್ಲಿ ಹೆಗಲ ಮೇಲೆ ಬಿದ್ದ ಕೈಯ ಭಾರ ಅವನಿಗೆ ನೆನಪಾಯಿತು. ಈ ಜನ ಸುಮ್ಮನೆ ಅಂಜಿದವರಲ್ಲ, ತಾನು ಕಲ್ಲಿಗಾಗಿ ಹಿಡಿದ ಕಾಗದ ಬೇರೆಯವರ ಕೈಯಲ್ಲಿ ಕೊಳ್ಳಿಯೇ ಆಗುತ್ತಿತ್ತು ಎಂದು ಆಗ ಅವನಿಗೆ ಹೊಳೆಯಿತು.

"ಕೇಳ್ಯಾರ್ರಿ" ಎಂದ. "ನಾ ಕೊಟ್ಟಿಲ್ರಿ. ಅದಕ್ಕೇ ಮನಿ ಬಿಟ್ಟು ಬಂದೀನಿ."

ಗುಂಪು ಒಮ್ಮೆಲೆ ಒತ್ತಿ ಬಂತು. ಬಸವರಾಜ ಕೊಡಲಿ ಎತ್ತಿಯೇಬಿಟ್ಟ. ಸುಂದರಬಾಯಿ ಕೂತಲ್ಲಿಂದಲೇ ಊರುಗೋಲು ಅಡ್ಡ ಹಿಡಿದಳು. "ಸುಳ್ಳ ಹೇಳಿದ್ರ ಹೊಡಿಯಾಂವ ಇದ್ದಿ. ಖರೇ ಹೇಳಿದ್ರೂ ಹೊಡಿತಿ. ಹಂಗಾರ ಕೇಳಿದ್ಯಾಕ?"

ಕೊಡಲಿ ಇಳಿಯಿತು, ಸಿಟ್ಟು ಇಳಿಯಲಿಲ್ಲ. ನಕಾಶೆ ಸುಡಬೇಕು, ಸುಣ್ಣದ ಗುರುತು ಒಂದೂ ಉಳಿಯದ ಹಾಗೆ ಬಳಿದವನೇ ಉಜ್ಜಬೇಕು ಎಂದು ಬಸವರಾಜ ಹೇಳಿದ. ಸೈಫುದ್ದೀನ್ ಕಾಗದವನ್ನು ತಾನೇ ಒಯ್ದು ಸುಂದರಬಾಯಿಯ ಒಲೆಗೆ ಇಟ್ಟ. ಚಳಿಗಾಲದ ದುಡಿಮೆ ಅಂಚಿನಿಂದ ಕಂದಿ, ಮುದುಡಿ, ಬೂದಿಯಾಯಿತು. ಪದವಿಯೂ ಅದರೊಡನೆ ಹೋಯಿತು ಎಂದುಕೊಂಡ. ಕಣ್ಣಲ್ಲಿ ನೀರು ಬಂದದ್ದಕ್ಕೆ ಹೊಗೆಯ ನೆವ ಸಿಕ್ಕಿತು.

ಮರುದಿನ ಮುಂಜಾನೆ ಅವನ ಕೈಗೆ ತೆಂಗಿನ ಗುಂಜು ಕೊಟ್ಟರು. ಹಿಂದೆ ಕೊಡಲಿ ಹಿಡಿದ ಬಸವರಾಜ, ಅವನ ಹಿಂದೆ ನೀರು ಹೊತ್ತ ಇಬ್ಬರು, ಎಲ್ಲರ ಹಿಂದೆ ಊರುಗೋಲಿನ ಸುಂದರಬಾಯಿ. ಚಳಿಗಾಲದಲ್ಲಿ ಅವನು ಗುರುತಿನಿಂದ ಗುರುತಿಗೆ ಅಡ್ಡದಾರಿಯಲ್ಲಿ ಹಾರಿಹೋಗಿದ್ದ. ಈಗ ಬಸವರಾಜ ಒಂದು ಮಾರನ್ನೂ ಬಿಡಗೊಡಲಿಲ್ಲ. ನಡುವೆ ಎಲ್ಲಿಯಾದರೂ ಅಡಗಿಸಿದ ಗುರುತು ಇದ್ದೀತೆಂದು ದಿನ್ನೆಯ ಅಂಚು, ಕೊರಕಲು, ಮೂಲೆ ಎಲ್ಲ ನಡೆಸಿದ. ಕಲ್ಲು ಉಜ್ಜಿ ಉಜ್ಜಿ ಸೈಫುದ್ದೀನನ ಬೆರಳು ಸುಲಿದವು.

ಬಿಸಿಲೇರುವ ಹೊತ್ತಿಗೆ ಅವನು ಕಾಲು ಕಿತ್ತಿಡದೆ ನಿಂತುಬಿಟ್ಟ. ದಿನ್ನೆಯ ಹುಲ್ಲೆಲ್ಲ ಒಣಗಿ ಹಳದಿಯಾಗಿತ್ತು. ಆ ಹಳದಿಯ ನಡುವೆ ಒಂದು ಹಸಿರು ಪಟ್ಟಿ. ಗರಿಕೆ, ನಡುನಡುವೆ ಕುಳ್ಳ ಈಚಲು. ಸೀರೆಯ ಅಂಚಿನ ಹಾಗೆ ಅದು ದಿನ್ನೆಯನ್ನು ಸುತ್ತಿತ್ತು, ಕೊರಕಲಿನಲ್ಲಿ ಒಳಗೆ ಹೊಕ್ಕು ಮತ್ತೆ ಹೊರಗೆ ಬಂದಿತ್ತು. ಚಳಿಗಾಲದಲ್ಲಿ ಎಲ್ಲವೂ ಹಸಿರಾಗಿದ್ದಾಗ ಇದು ಕಂಡಿರಲಿಲ್ಲ. ಕೆಳಗೆ ಜೇಡಿ ತಡೆದ ನೀರಿಲ್ಲದೆ ಈ ಬಿಸಿಲಲ್ಲಿ ಹುಲ್ಲು ಹೀಗೆ ಉಳಿಯುವುದುಂಟೇ? ಅವನು ನೇರ ಗೆರೆ ಎಳೆದ ಕಡೆಯೆಲ್ಲ ಈ ಹಸಿರು ಸೊಟ್ಟಗೆ ತಿರುಗಿತ್ತು. ಸುಟ್ಟ ನಕಾಶೆ ಅರ್ಧ ತಪ್ಪಾಗಿತ್ತು!

ನಿಂತಿದ್ದೇಕೆ ಎಂದು ಹಿಂದಿನಿಂದ ಕೊಡಲಿ ಒತ್ತಿತು. ಒಂದೇ ಒಂದು ಸಲ ನೆಲ ಕೆದರಲು ಬಿಡಿರೆಂದು ಅವನು ಬೇಡಿಕೊಂಡ. ಬಸವರಾಜ ಕೊಡಲಿಯನ್ನು ಒಂದು ಗೇಣು ಹಿಂದೆ ತೆಗೆದ. ಸೈಫುದ್ದೀನ್ ಸುಲಿದ ಬೆರಳಿನಿಂದಲೇ ಗರಿಕೆಯ ಬುಡ ಕೆದರಿದ. ಮೊದಲು ಕೆಂಪು, ಆಮೇಲೂ ಕೆಂಪು. ಮೊಣಕೈ ಮುಳುಗುವಷ್ಟು ಹೋದ ಮೇಲೆ ತಣ್ಣಗೆ ಒಂದು ಬಿಳಿ ಉಂಡೆ ಕೈಗೆ ಬಂತು. ಗುರುಗಳು ಕಲಿಸಿದ ಹಾಗೆ ಒಂದು ಚೂರನ್ನು ಬಿಸಿಲಿಗೆ ಒಣಗಿಸಿ ನಾಲಗೆಗೆ ಇಟ್ಟ. ಗಪ್ಪನೆ ಅಂಟಿತು. ಜೇಡಿಯೇ.

"ಮಣ್ಣ ತಿನ್ನಾಕತ್ಯಾನ ನೋಡ್ರಿ ಇವ" ಎಂದ ನೀರು ಹೊತ್ತವನೊಬ್ಬ.

"ಬಸುರಿ ಬಯಕಿ ಇದ್ದೀತಪ್ಪ, ಬಿಡ್ರಿ" ಎಂದಳು ಸುಂದರಬಾಯಿ.

ಎರಡು ದಿನದಲ್ಲಿ ಮೊದಲ ಸಲ ಯಾರೋ ನಕ್ಕರು. ಬಸವರಾಜ ನಗಲಿಲ್ಲ. ಆದರೆ ಕೊಡಲಿಯನ್ನು ಹೆಗಲಿಗೆ ಏರಿಸಿ, ಆ ಹಸಿರು ಪಟ್ಟಿಯನ್ನು ತಾನೂ ಒಮ್ಮೆ ಆ ತುದಿಯಿಂದ ಈ ತುದಿಗೆ ನೋಡಿದ. ಸಂಜೆಯತನಕ ಸೈಫುದ್ದೀನ್ ಕಲ್ಲು ಉಜ್ಜುತ್ತ, ಪಟ್ಟಿಯ ಪ್ರತಿ ತಿರುವನ್ನೂ ಕಣ್ಣಲ್ಲಿ ತುಂಬಿಕೊಳ್ಳುತ್ತ ನಡೆದ. ಕೊನೆಯ ಗುರುತು ಅಳಿಸಿದ ಮೇಲೆ ಅವನನ್ನು ಹೋಗಗೊಟ್ಟರು. ಅವನು ಕಲ್ಯಾಣಕ್ಕೆ ತಿರುಗದೆ ಹೈದರಾಬಾದಿನ ಮೋಟರು ಹತ್ತಿದ.

ಆ ವರ್ಷದ ಭಾದ್ರಪದದಲ್ಲಿ ಭಾರತದ ಸೈನ್ಯ ಬಂದು ನಿಜಾಮನ ಆಳಿಕೆ ಮುಗಿಯಿತು. ಭಯ ಆಗಲೂ ಸಾಯಲಿಲ್ಲ, ಮನೆ ಬದಲಿಸಿತು ಅಷ್ಟೇ. ಈ ಸಲ ಅಂಜುವ ಸರದಿ ಪೀರ್ ಪಾಷಾನ ಓಣಿಯದಾಯಿತು. ಆ ದಿನಗಳಲ್ಲಿ ಟಾಕಿ ಹೊಡೆಯಲು ಹುಡಗಿಗೆ ಹೋಗಿದ್ದ ಪೀರ್ ಪಾಷಾನನ್ನು ಸುಂದರಬಾಯಿ ತನ್ನ ಹಗೇವಿನಲ್ಲಿ, ಎಂದರೆ ಕಾಳು ತುಂಬುವ ನೆಲದೊಳಗಿನ ಕುಣಿಯಲ್ಲಿ, ಕೂಡಿಸಿ ಮೇಲೆ ಕಲ್ಲು ಮುಚ್ಚಿದಳು. ಸೇಡು ತೀರಿಸಲು ಹುಡುಕಿಕೊಂಡು ಬಂದವರಿಗೆ, ಇಲ್ಲಿ ಯಾರೂ ಇಲ್ಲ ಎಂದು ಹೇಳಿ ಕಳಿಸಿದವನು ಬಸವರಾಜ.

ಪರೀಕ್ಷೆ ಒಂದು ವರ್ಷ ತಡವಾಯಿತು. ಸೈಫುದ್ದೀನ್ ನೆನಪಿನಿಂದಲೇ ಮತ್ತೆ ಬರೆದು ಒಪ್ಪಿಸಿದ ನಕಾಶೆಯಲ್ಲಿ ಮನೆ ಇರಲಿಲ್ಲ, ದಾರಿ ಇರಲಿಲ್ಲ, ಊರಿನ ಹೆಸರೂ ಇರಲಿಲ್ಲ. ಕೆಂಪು, ಕಪ್ಪು, ನಡುವೆ ಸೀರೆಯಂಚಿನಂಥ ಒಂದು ಗೆರೆ. ಊರುಗಳೆಲ್ಲಿ ಎಂದು ಪರೀಕ್ಷಕರು ಕೇಳಿದರು. ಅವನು ಒಲೆಯ ಕಥೆ ಹೇಳಿದ. ಅವರು ಬಹಳ ಹೊತ್ತು ಗೆರೆಯ ಮೇಲೆ ಬೆರಳಾಡಿಸಿ, ಊರಿಲ್ಲದ್ದಕ್ಕೆ ಅಂಕ ಕಳೆದು, ಗೆರೆಗೆ ಅಂಕ ಕೊಟ್ಟರು. ಅವನು ತೇರ್ಗಡೆಯಾದ.

ಐವತ್ತರ ಬೇಸಿಗೆಯಲ್ಲಿ ಅವನು ತಂದೆಯೊಡನೆ ಹುಡಗಿಗೆ ಹೋದ. ಊರಿಗೆ ಹೊಸ ಬಾವಿ ತೋಡುವ ಮಾತು ನಡೆದಿತ್ತು. ಬಸವರಾಜ ಅವನನ್ನು ದಿನ್ನೆಯ ಕಡೆ ಕರೆದೊಯ್ದ. ಹಸಿರು ಪಟ್ಟಿ ಕಂಡ ಕೂಡಲೇ ಬಸವರಾಜ ಕಂಕುಳಲ್ಲಿದ್ದ ಗಡಿಗೆಯನ್ನು ಕೆಳಗಿಟ್ಟ. ಒಳಗೆ ಹಸಿ ಸುಣ್ಣ.

"ಎಲ್ಲಿ ತೋಡೂನು, ಹಚ್ಚು" ಎಂದ. "ಈ ಸಲ ನಾ ಉಜ್ಜಸಂಗಿಲ್ಲ."