ಅತ್ತಿಗೆಯ ರಿವರ್ಸ್ ಗೇರ್

ನನ್ನ ಅತ್ತಿಗೆ ಮನೆಯಲ್ಲಿ ಅಣ್ಣನ ಹೆಂಡತಿ, ಆಫೀಸಿನಲ್ಲಿ ನನ್ನ ತಂಡದ ಮುಖ್ಯಸ್ಥೆ. ಹೀಗಾಗಿ ನನಗೆ ಬೈಗುಳ ಎರಡು ಪಾಳಿಯಲ್ಲಿ ಸಿಗುತ್ತದೆ. ನಲ್ಲಿ ಸೋರಿದರೆ ನೆಲ ಒರೆಸುವವರಲ್ಲ ಅವರು. ಸೀದಾ ವಾಷರ್ ಬಿಚ್ಚುವವರು. ಅವರ ಮಾತು ಕೇಳದ ವಸ್ತು ಜಗತ್ತಿನಲ್ಲಿ ಒಂದೇ, ಕಾರಿನ ರಿವರ್ಸ್ ಗೇರ್.

ಡ್ರೈವಿಂಗ್ ಪರೀಕ್ಷೆಯಲ್ಲಿ ಹಿಂದಕ್ಕೆ ಹೋಗಿ ಅಂದಾಗಲೆಲ್ಲ ಕಂಬಕ್ಕೆ ಮುತ್ತಿಟ್ಟು ಫೇಲಾದ ಅತ್ತಿಗೆಗೆ ಅಂದು ಮಧ್ಯಾಹ್ನ ಕೊನೆಯ ಅವಕಾಶ. ಆದರೆ ನಮ್ಮ ತಂಡ ಮಾಡಿಕೊಟ್ಟ ಕ್ಷೌರದಂಗಡಿಯ ಆ್ಯಪ್ ಸರಿಯಾಗದೆ ಕುರ್ಚಿ ಬಿಟ್ಟೇಳುವ ಹಾಗಿರಲಿಲ್ಲ. ಅದು ಕೊನೆಗೆ ಬಂದ ಗಿರಾಕಿಯನ್ನೇ ಮೊದಲು ಕರೆಯುತ್ತಿತ್ತು! ಗಡ್ಡದವರೆಲ್ಲ ಜಗಳಕ್ಕೆ ನಿಂತು, ಅಂಗಡಿಯವರು ಫೋನಿನಲ್ಲಿ ನಮ್ಮ ಗ್ರಹಚಾರ ಬಿಡಿಸುತ್ತಿದ್ದರು.

ಡೇಟಾಬೇಸಿನಿಂದ ಗಿರಾಕಿಗಳ ಪಟ್ಟಿ ತರುವ ‘ಕ್ಲಾಸ್’ ಎಂಬ ಕೋಡಿನ ತುಂಡನ್ನು ನಾನು ಬೆಳಗಿನಿಂದ ತಿದ್ದುತ್ತಿದ್ದೆ. ತಿದ್ದಿ, ಬಿಲ್ಡ್ ಮಾಡಿ, ಅಂದರೆ ಆ್ಯಪನ್ನು ಹೊಸದಾಗಿ ಕಟ್ಟಿ ನೋಡಿದರೆ ಮತ್ತೆ ಉಲ್ಟಾ. ತಿದ್ದಿದ್ದೇ ಮಾಯ.

“ಮೇಡಂ, ಇದಕ್ಕೆ ದೆವ್ವ ಹಿಡಿದಿದೆ.”

“ಆ ದೆವ್ವ ನನ್ನ ಮೈದುನ,” ಎಂದು ಅತ್ತಿಗೆ ಕುರ್ಚಿ ಎಳೆದುಕೊಂಡರು. “ಫೈಲಿನ ಮೇಲ್ಗಡೆ ಹಳದಿ ಪಟ್ಟಿ ಇದೆಯಲ್ಲೋ, ಓದಿದ್ಯಾ?”

“ಜಾಹೀರಾತು ಅಂದ್ಕೊಂಡೆ.”

“ಈ ಫೈಲು ಯಂತ್ರ ಬರೆದದ್ದು, ಕೈ ಹಚ್ಚಬೇಡಿ ಅಂತಿದೆ, ಮಹಾರಾಯ!”

ಸಂಗತಿ ಇಷ್ಟೆ. ಕೋಡಿನಲ್ಲಿ ಒಂದೊಂದು ಕೆಲಸಕ್ಕಿರುವ ಫಂಕ್ಷನ್ನಿನ ನೆತ್ತಿಗೆ ನಾವು ಅನೊಟೇಶನ್ ಎಂಬ ಚೀಟಿ ಅಂಟಿಸಿ ಏನು ಬೇಕೆಂದು ಬರೆಯುತ್ತೇವೆ. ಪ್ರತಿ ಬಿಲ್ಡಿನಲ್ಲೂ ಯಂತ್ರ ಅದನ್ನೋದಿ ಕ್ಲಾಸನ್ನು ತಾನೇ ಬರೆಯುತ್ತದೆ. ಚೀಟಿಯಲ್ಲಿ ‘ಕೊನೆಯವರು ಮೊದಲು’ ಎಂದು ಗೀಚಿದ್ದ ಮಹಾನುಭಾವ ನಾನೇ. ಅದನ್ನು ಬಿಟ್ಟು ಯಂತ್ರ ಬರೆದದ್ದನ್ನು ತಿದ್ದುತ್ತಾ ಕೂತಿದ್ದೆ. ಅದು ಪರಮ ನಿಷ್ಠೆಯಿಂದ ನನ್ನ ತಪ್ಪನ್ನೇ ನಕಲು ಮಾಡುತ್ತಿತ್ತು. ಅತ್ತಿಗೆ ಚೀಟಿಯಲ್ಲಿ ಒಂದೇ ಒಂದು ಪದ ಬದಲಿಸಿದರು. ಗಡ್ಡಗಳೆಲ್ಲ ಸಾಲಿಗೆ ಬಂದವು.

ಇಬ್ಬರೂ ಓಡಿದೆವು. ಡ್ರೈವಿಂಗ್ ಸ್ಕೂಲಿನ ಕಾರು ಪರೀಕ್ಷೆಯ ಮೈದಾನ ಮುಟ್ಟಿದಾಗ ಮುಂದೆ ಹನುಮಂತನ ಬಾಲದಂಥ ಸಾಲು; ಕೊನೆಯ ನಮ್ಮ ಕಾರು ಗೇಟಿನಲ್ಲೇ ನಿಲ್ಲಬೇಕಾಯಿತು. ಪರೀಕ್ಷಕರು ಆಗಲೇ ಗಡಿಯಾರ ನೋಡುತ್ತಿದ್ದರು. ನಮ್ಮ ಸರದಿ ಬರುವುದರೊಳಗೆ ಗೇಟು ಮುಚ್ಚುವುದು ಖಾತ್ರಿ. ಅತ್ತಿಗೆಯ ಮುಖ ಬಾಡಿತು.

“ರೀ, ಗೇಟಿಗೆ ಅಡ್ಡ ನಿಂತಿರೋ ಗಾಡಿ ಯಾರದ್ದು?” ಪರೀಕ್ಷಕರು ಕೂಗಿದರು. “ದಾರಿ ಬಿಡಿಸ್ಬೇಕು, ನೀವೇ ಮೊದಲು ಬನ್ನಿ!”

ಕೊನೆಗೆ ಬಂದವರು ಮೊದಲು! ನನ್ನನ್ನು ಕೆಳಗಿಳಿಸುವಾಗ ಅತ್ತಿಗೆಗೆ ನಗು ತಡೆಯಲಾಗಲಿಲ್ಲ. ಆ ನಗುವಿನಲ್ಲಿ ಕಂಬದ ಭಯ ಮರೆತೇ ಹೋಯಿತೋ ಏನೋ, ಕಾರು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹಿಂದಕ್ಕೆ ಸರಿದು ಗೆರೆಯೊಳಗೆ ನಿಂತಿತು.

“ಪಾಸ್,” ಅಂದರು ಪರೀಕ್ಷಕರು.

ನಾನು ಕುಣಿಯುತ್ತಾ ಕಾರು ಹತ್ತಿದೆ. ಸಾಲಿನಲ್ಲಿದ್ದವರು ನಮ್ಮನ್ನು ನುಂಗುವ ಹಾಗೆ ನೋಡುತ್ತಿದ್ದರು.

“ಅತ್ತಿಗೆ, ಆ ಗಡ್ಡದವರ ಸಿಟ್ಟು ಯಾಕೆ ಅಂತ ಈಗ ಗೊತ್ತಾಯ್ತಾ?”

“ಬಾಯಿ ಮುಚ್ಕೊಂಡು ಕೂತ್ಕೋ,” ಎಂದು ಅತ್ತಿಗೆ ಗೇರ್ ಹಾಕಿದರು, “ಇವ್ರು ಹೊಡೆಯೋಕೆ ಬರೋ ಮುಂಚೆ ಜಾಗ ಖಾಲಿ ಮಾಡೋಣ!”