ಮರಗೆಣಸಿನ ಹಸಿ ಸೊಪ್ಪು

ಅರವತ್ತರ ದಶಕದ ಮಾತು. ಹಸು ಕೆಂದೋ ಕಪ್ಪೋ, ನನ್ನ ನೆನಪನ್ನು ನಾನೇ ನಂಬಲಾರೆ. ಆದರೆ ಹುಲಿಕಲ್ಲಿನ ಗಂಗಮ್ಮನವರ ಕೊಟ್ಟಿಗೆಯಲ್ಲಿ ಅದು ಸತ್ತು ಬಿದ್ದಿತ್ತು. ಕರು ಇನ್ನೂ ಕೆಚ್ಚಲಿಗೆ ಬಾಯಿ ಹಾಕುತ್ತಿತ್ತು. ಆ ಮನೆಗಿದ್ದ ಹಾಲಿನ ಹಸು ಅದೊಂದೇ. ಹಿಂಡಿ ತುಟ್ಟಿ, ಬದಲಿಗೆ ಮರಗೆಣಸಿನ ಸೊಪ್ಪು ಹಾಕಿ, ಹಾಲು ಹೆಚ್ಚುತ್ತದೆ ಎಂದು ನಮ್ಮೆಲ್ಲರ ಮುಂದೆ ಭಾಷಣ ಮಾಡಿದ್ದ, ಸರ್ಕಾರದ ಮೇವಿನ ಸಾಹೇಬರು ಬಾಗಿಲಲ್ಲೇ ನಿಂತಿದ್ದರು. ಅವರ ಮಾತು ನಂಬಿ ಗಂಗಮ್ಮ ಬೆಳಿಗ್ಗೆ ಒಂದು ಹೊರೆ ಹಸಿ ಸೊಪ್ಪು ಹಾಕಿದ್ದರು.

"ಹೊಸ ಮೇವು ನೋಡಮ್ಮ, ದನಕ್ಕೆ ಅಭ್ಯಾಸ ಆಗ್ಬೇಕು," ಎಂದರು ಸಾಹೇಬರು.

"ಸತ್ತ ದನಕ್ಕೆ ಇನ್ನೆಂತ ಅಭ್ಯಾಸ ಮಾಡ್ಸದು ಸ್ವಾಮಿ? ಅದನ್ನೂ ನೀವೇ ಹೇಳ್ಕೊಟ್ಟು ಹೋಗಿ!" ಎಂದರು ಗಂಗಮ್ಮ.

ಸಾಹೇಬರು ಜೀಪು ಹತ್ತಿ ಹೊರಟೇಬಿಟ್ಟರು. ತಪ್ಪಾಯಿತು ಎಂಬ ಒಂದು ಮಾತಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

ಒಣಗಿಸಿ ಹಾಕಿ ಎಂದು ಭಾಷಣದಲ್ಲಿ ಅವರು ಹೇಳಿದ್ದು ನನಗೇ ಕೇಳಿಸಲಿಲ್ಲವೇನೋ ಎಂದು ಎಷ್ಟೋ ಸಲ ಅನುಮಾನಪಟ್ಟಿದ್ದೇನೆ. ಅದು ಇನ್ನು ತೀರುವ ಅನುಮಾನವಲ್ಲ. ರಸಾಯನಶಾಸ್ತ್ರ ಕಲಿಸುವ ಗೆಳೆಯನನ್ನು ಕೇಳಿ ಖಚಿತಪಡಿಸಿಕೊಂಡದ್ದು ಇಷ್ಟೇ: ಹಸಿ ಮರಗೆಣಸಿನ ಸೊಪ್ಪನ್ನು ದನ ಅಗಿದಾಗ ಕೊಲ್ಲುವಂಥ ವಿಷ ಹುಟ್ಟುತ್ತದೆ, ಹೆಚ್ಚಿ ಬಿಸಿಲಿಗೆ ಒಣಗಿಸಿದರೆ ಅದು ಬಹುಪಾಲು ಹೋಗುತ್ತದೆ.