ಅತ್ತೆ ಮತ್ತು ಬಿಸಿಲಿನ ನೀರು

ನಮ್ಮ ಅತ್ತೆಯ ಎಡಹುಬ್ಬು ಅರ್ಧಕ್ಕೇ ನಿಂತಿತ್ತು. ಉಳಿದರ್ಧವನ್ನು ಬಚ್ಚಲ ಒಲೆ ತಿಂದಿತ್ತು. ಮದುವೆಯಾಗಿ ಬಂದಾಗಿನಿಂದ ಬೆಳಗಾದರೆ ಆ ಒಲೆಯ ಬಾಯಿಗೆ ಮುಖ ಕೊಟ್ಟು ಊದುಗೊಳವೆಯಲ್ಲಿ ಊದಿದವರು ಅವರು. ಎಂದೋ ಒಮ್ಮೆ ಉರಿ ಹೊರಗೆ ನುಗ್ಗಿ ಹುಬ್ಬು ಸುಟ್ಟಿತಂತೆ, ಅಲ್ಲಿ ಮತ್ತೆ ಕೂದಲು ಬರಲಿಲ್ಲ. ಹುಕ್ಕೇರಿಯಿಂದ ಗೋಕಾಕದ ಆ ಮನೆಗೆ ಸೊಸೆಯಾಗಿ ಬಂದ ನನಗೆ ಅವರ ಮುಖದಲ್ಲಿ ಮೊದಲು ಕಂಡದ್ದೇ ಅದು. ನಾವು ಏನು ಹೇಳಿದರೂ ಅರ್ಧ ನಂಬಿದಂತೆ, ಅರ್ಧ ನಂಬದಂತೆ ಕಾಣುತ್ತಿದ್ದರು. ನಂಬದಿರುವುದೇ ಹೆಚ್ಚು ಎಂದು ಆಮೇಲೆ ತಿಳಿಯಿತು.

ನಮ್ಮದು ಜೈನರ ಮನೆ. ನನ್ನ ತವರೂ ಜೈನರದೇ, ಆದರೆ ಅತ್ತೆಯ ನೇಮದ ಮುಂದೆ ನಮ್ಮದು ಬರೀ ಹೆಸರಿಗೆ. ಹೊತ್ತು ಮುಳುಗಿದ ಮೇಲೆ ಉಣ್ಣುವಂತಿಲ್ಲ, ಗಾಳಿಸದ ನೀರು ಮುಟ್ಟುವಂತಿಲ್ಲ. ಗಾಳಿಸುವುದು ಅಂದರೆ ಬರೀ ಸೋಸುವುದಲ್ಲ. ದಪ್ಪ ಬಿಳಿ ಅರಿವೆಯನ್ನು ಎರಡು ಪದರ ಮಾಡಿ ಕೊಡದ ಬಾಯಿಗೆ ಹಾಕಬೇಕು. ನೀರು ಇಳಿದ ಮೇಲೆ ಆ ಅರಿವೆಯನ್ನು ತಿರುವಿ, ಮೇಲೆ ಸೋಸಿದ ನೀರು ಹೊಯ್ದು, ಅದಕ್ಕೆ ಅಂಟಿದ ಕಣ್ಣಿಗೆ ಕಾಣದ ಜೀವಗಳನ್ನು ಹಿತ್ತಲ ಬಾವಿಗೆ ಬಿಟ್ಟು ಬರಬೇಕು. ಕುಡಿಯುವ ನೀರಿಗೂ ಇದೇ ನಿಯಮ, ಮೀಯುವ ನೀರಿಗೂ ಇದೇ.

ಒಲೆಗೆ ಹಾಕುವ ಕಟ್ಟಿಗೆಗೂ ಒಂದು ಶಾಸ್ತ್ರವಿತ್ತು. ಒಂದೊಂದನ್ನೂ ಬಚ್ಚಲ ಕಲ್ಲಿಗೆ ಮೆಲ್ಲಗೆ ಬಡಿದು, ತಿರುವಿ, ಮತ್ತೆ ಬಡಿದು, ಸಂದಿಯಲ್ಲಿದ್ದ ಇರುವೆ, ಗೆದ್ದಲು ಹೊರಗೆ ಬೀಳುವ ತನಕ ಕಾಯುತ್ತಿದ್ದರು. "ಏಳ್ರಿ, ಎದ್ದ ಹೋಗ್ರಿ. ಬೆಂಕಿ ಹಚ್ಚೂದೈತಿ" ಎಂದು ಅವಕ್ಕೆ ಹೇಳುತ್ತಿದ್ದರು. ನಾನು ನನ್ನ ಗಂಡನ ಮುಂದೆ, "ನಿಮ್ಮ ಅವ್ವ ಇರುವಿಗೆ ರಿ ಹಚ್ಚಿ ಮಾತಾಡತಾರ, ನನಗ ಏನ ಬೇ ಅಂತಾರ" ಎಂದು ಆಡಿಕೊಳ್ಳುತ್ತಿದ್ದೆ. ಅದು ಅತ್ತೆಯ ಕಿವಿಗೂ ಬಿತ್ತು. "ಇರುವಿ ನನಗ ಎದುರುತ್ತರ ಕೊಡೂದಿಲ್ಲ ಬೇ" ಅಂದರು. ಆ ಮಾತಿಗೆ ನಾನು ಒಳಗೊಳಗೇ ನಕ್ಕೆ.

ನಗು ಹೆಚ್ಚು ವರ್ಷ ಉಳಿಯಲಿಲ್ಲ. ಅತ್ತೆಗೆ ದಮ್ಮು ಶುರುವಾಯಿತು. ಮೊದಮೊದಲು ಚಳಿಗಾಲದ ಕೆಮ್ಮು ಅಂದುಕೊಂಡೆವು. ಆಮೇಲೆ ಬಚ್ಚಲಿಂದ ಅಡುಗೆಮನೆಗೆ ಬರುವಷ್ಟರಲ್ಲಿ ಗೋಡೆ ಹಿಡಿದು ನಿಲ್ಲತೊಡಗಿದರು. ಪೇಟೆಯ ಡಾಕ್ಟರರು ಎದೆಗೆ ಕೊಳವೆ ಇಟ್ಟು ನೋಡಿ, ಅತ್ತೆಯನ್ನು ಬಿಟ್ಟು ನನ್ನ ಕಡೆ ತಿರುಗಿ ಮಾತಾಡಿದರು. "ಗುಳಗಿ ಕೊಡತೀನಿ. ಆದರ ಒಲಿ ಮುಂದ ಕುಂಡ್ರೂದು ಬಿಡಲಿಲ್ಲಂದ್ರ ಗುಳಗಿ ಏನೂ ಮಾಡೂದಿಲ್ಲ. ಪುಪ್ಪುಸ ಹೊಗಿ ತುಂಬಿ ಕುಂತೈತಿ." ಅತ್ತೆ ಸೆರಗು ಸರಿಮಾಡಿಕೊಂಡು, ಯಾರದೋ ಸುದ್ದಿ ಕೇಳಿದವರಂತೆ ಎದ್ದರು.

ಒಲೆಯನ್ನು ನಾನು ಉರಿಸುತ್ತೇನೆಂದೆ. ನನಗೆ ಕಟ್ಟಿಗೆ ಬಡಿಯುವ ತಾಳ್ಮೆ ಇಲ್ಲವೆಂದು ಅವರಿಗೆ ಗೊತ್ತಿತ್ತು, ಬಿಡಲಿಲ್ಲ. ನೀರು ಕಾಯಿಸುವ ಕರೆಂಟಿನ ಸುರುಳಿ ತಂದರೆ, ನಮ್ಮಲ್ಲಿ ಕರೆಂಟು ಬೆಳಗಿನ ಹೊತ್ತು ಇರುತ್ತಲೇ ಇರಲಿಲ್ಲ. ಎರಡು ಸಾವಿರದ ಇಸವಿಯ ಆಸುಪಾಸು ಗೋಕಾಕದ ಮಾಳಿಗೆಗಳ ಮೇಲೆ ಅಲ್ಲೊಂದು ಇಲ್ಲೊಂದು ಬಿಸಿಲಿಗೆ ನೀರು ಕಾಯಿಸುವ ಸೋಲಾರ್ ಬರತೊಡಗಿತ್ತು. ಅದೇ ಸರಿ ಎಂದು ನಾವು ಗಂಡ ಹೆಂಡತಿ ನಿಶ್ಚಯ ಮಾಡಿದೆವು.

"ಅವ್ವಾ, ಕಟ್ಟಿಗಿ ಇಲ್ಲ, ಬೆಂಕಿ ಇಲ್ಲ. ಒಂದ ಇರುವಿ ಸಾಯೂದಿಲ್ಲ ನೋಡ" ಎಂದು ಇವರು ತಾಯಿಗೆ ತಿಳಿಸಿ ಹೇಳಿದರು.

"ಗಾಜಿನ ಕೆಳಗ ಕೊಳವಿ ಅದಾವ ಅಂತೀ. ಅದರಾಗ ನೀರ ಗಾಳಿಸೂವರು ಯಾರು?"

"ನಳದ ನೀರು ಅವ್ವಾ. ಸ್ವಚ್ಛ ಇರತೈತಿ."

"ಕಣ್ಣಿಗೆ ಸ್ವಚ್ಛ" ಅಂದರು ಅತ್ತೆ. ಅಷ್ಟಕ್ಕೇ ಬಿಟ್ಟರು. ಅದನ್ನೇ ಒಪ್ಪಿಗೆಯೆಂದು ನಾವು ತಿಳಿದೆವು.

ಮಾಳಿಗೆಯ ಮೇಲೆ ಸೋಲಾರ್ ಕೂತಿತು. ಬಾಜೂದಲ್ಲೇ ಕಟ್ಟೆಯ ಮೇಲೆ ತಣ್ಣೀರಿನ ತೊಟ್ಟಿ, ನಮ್ಮ ಮಾತಿನಲ್ಲಿ ಟಾಕಿ. ಅದರಿಂದ ತಣ್ಣೀರು ಇಳಿದು ಸೋಲಾರಿನ ಡಬ್ಬಿಗೆ ಹೋಗಿ ತಳ್ಳಿದರೇ, ಅಲ್ಲಿ ಕಾದದ್ದು ಬಚ್ಚಲ ನಳಕ್ಕೆ ಬರುವುದು. ಮೊದಲ ದಿನ ನಳ ತಿರುವಿದಾಗ ಹಬೆಯಾಡುವ ನೀರು ಬಿತ್ತು. ಅತ್ತೆ ಬೆರಳು ಅದ್ದಿ ನೋಡಿ ಮಿಂದರು. ಮರುದಿನವೂ ಮಿಂದರು. ಒಲೆ ಆರಿತು. ಆ ಬೇಸಿಗೆಯಿಡೀ ಅವರು ಗೋಡೆ ಹಿಡಿಯದೆ ಓಡಾಡಿದ್ದನ್ನು ನೋಡಿ ನನ್ನ ಜೀವ ತಣ್ಣಗಾಯಿತು. ಡಾಕ್ಟರರು ಗುಳಿಗೆಯನ್ನೂ ಇಳಿಸಿದರು.

ಮಳೆ ಬಂತು. ಘಟಪ್ರಭೆಯ ನೀರು ಕೆಂಪಾಯಿತು, ನಳದಲ್ಲೂ ರಾಡಿ ಬರತೊಡಗಿತು. ಭಾದ್ರಪದದಲ್ಲಿ ನಮ್ಮ ಪರ್ವದ ಹತ್ತು ದಿನ ಬಂದಾಗ ಅತ್ತೆ ಒಪ್ಪತ್ತು ಹಿಡಿದರು. ಬೆಳಗ್ಗೆ ಮಿಂದು ಮಡಿಯುಟ್ಟು ಬಸದಿಗೆ ಹೋಗಬೇಕು, ಪೂಜೆ ಮುಗಿಸಿ ಬಂದು ಒಂದೇ ಹೊತ್ತು ಉಣ್ಣಬೇಕು. ಹಾಗಿರುವಾಗ ಒಂದು ದಿನ ನಳ ತಿರುವಿದರೆ ಒಂದು ಹನಿ ಇಲ್ಲ. ಹಿಂದಿನ ದಿನವಿಡೀ ಒಳ್ಳೆ ಬಿಸಿಲು ಬಿದ್ದಿತ್ತು. ಇವರು ನಸುಕಿನ ಬಸ್ಸಿಗೇ ಮೂಡಲಗಿಯ ಪೇಟೆಗೆ ಹೋಗಿದ್ದರು. ಮನೆಯಲ್ಲಿ ನಾವಿಬ್ಬರೇ.

ಸೋಲಾರ್ ಕೂಡಿಸಿದ ನಳದ ಮಿಸ್ತ್ರಿ ನಮ್ಮ ಓಣಿಯ ಮಸೀದಿ ಹಿಂದೆಯೇ ಇದ್ದ. ಕರೆದ ತಕ್ಷಣ ಬಂದ. ನಾನೂ ಅವನೊಂದಿಗೆ ಮಾಳಿಗೆ ಹತ್ತಿದೆ.

"ಅಕ್ಕಾ, ಟಾಕ್ಯಾಗ ನೀರ ಐತಿ. ಇಲ್ಲಿ ಕೈ ಹಚ್ಚರಿ, ಪೈಪ್ ಸುಡಾಕತ್ತೈತಿ. ಒಳಗ ಕುದಿಯೂ ನೀರು ತುಂಬಿ ನಿಂತೈತಿ. ಕೆಳಗ ಯಾಕ ಇಳೀವಲ್ದು ನನಗೂ ತಿಳೀವಲ್ದು" ಅಂದ. ಟಾಕಿಯೊಳಗೆ ಇಣುಕಿದೆವು. ಕೆಂಪು ನೀರು, ತಳ ಕಾಣಲಿಲ್ಲ. ಅವನು ಒಂದೊಂದೇ ಜೋಡಣೆ ಬಿಚ್ಚಿ ನೋಡತೊಡಗಿದ. ಬಸದಿಯ ಗಂಟೆ ಕೇಳಿಸಿತು. ಅತ್ತೆ ಕೆಳಗೆ ಕಾಯುತ್ತಿದ್ದಾರೆಂದು ನನಗೆ ಚಡಪಡಿಕೆ.

ಆಗ ಹೊಗೆಯ ವಾಸನೆ ಬಂತು. ಹಿತ್ತಲ ಕಡೆ ಬಗ್ಗಿದರೆ ಬಚ್ಚಲ ಹಂಚಿನ ಸಂದಿಗಳಿಂದೆಲ್ಲ ದಟ್ಟ ಬಿಳಿ ಹೊಗೆ ಏಳುತ್ತಿತ್ತು. ಒಲೆ ತಿಂಗಳುಗಟ್ಟಲೆ ಉರಿದಿರಲಿಲ್ಲ, ಅದರ ಹೊಗೆಗಿಂಡಿಯಲ್ಲಿ ಗುಬ್ಬಿ ಗೂಡು ಕಟ್ಟಿತ್ತು. ಕಟ್ಟಿಗೆ ಮಳೆಗೆ ನೆನೆದಿತ್ತು. ಮೆಟ್ಟಿಲು ಹೇಗಿಳಿದೆನೋ ತಿಳಿಯದು. ಬಚ್ಚಲಲ್ಲಿ ಕಣ್ಣು ಬಿಡಲಾಗಲಿಲ್ಲ. ಕೈಯಾಡಿಸಿದಾಗ ಮೊದಲು ಸಿಕ್ಕಿದ್ದು ಊದುಗೊಳವೆ, ಆಮೇಲೆ ಅವರ ಭುಜ. ಅತ್ತೆ ಗೋಡೆಗೆ ಒರಗಿ ಕೂತಿದ್ದರು. ಬಾಯಿ ತೆರೆದಿತ್ತು, ಉಸಿರು ಒಳಗೆ ಹೋಗುತ್ತಿರಲಿಲ್ಲ.

ಮಿಸ್ತ್ರಿ ಮತ್ತು ನಾನು ಹೊತ್ತು ಅಂಗಳಕ್ಕೆ ತಂದೆವು. ತುಟಿ ನೀಲಿ ಬಣ್ಣಕ್ಕೆ ತಿರುಗಿತ್ತು. ಅವನು ಓಡಿ ರಿಕ್ಷಾ ತಂದ. ದವಾಖಾನೆಯ ತನಕ ಅತ್ತೆ ನನ್ನ ಮಣಿಕಟ್ಟು ಹಿಡಿದಿದ್ದರು. ಆ ಹಿಡಿತ ದಾರಿಯಲ್ಲಿ ಸಡಿಲಾಗುತ್ತ ಬಂತು. "ಆಯೀ, ಹಿಡೀರಿ. ಅಕ್ಕನ ಕೈ ಗಟ್ಟಿ ಹಿಡೀರಿ" ಎಂದು ಮಿಸ್ತ್ರಿ ಮುಂದಿನ ಸೀಟಿನಿಂದ ಹೇಳುತ್ತಲೇ ಇದ್ದ. ನನ್ನನ್ನು ದಿನಕ್ಕೊಮ್ಮೆ ಬೈಯುವ ಈ ಹೆಂಗಸು ಸತ್ತರೆ ಆ ಮನೆಯಲ್ಲಿ ನಾನು ಹೇಗೆ ಇರಲಿ ಎಂದು ಅಳು ಬಂತು. ಅವರ ಮೇಲೆ ನನಗೆ ಇಷ್ಟು ಮಮತೆ ಇದೆಯೆಂದು ನನಗೇ ಗೊತ್ತಿರಲಿಲ್ಲ.

ಮೂಗಿಗೆ ನಳಿಗೆ ಹಾಕಿ, ಇಂಜೆಕ್ಷನ್ ಚುಚ್ಚಿ, ಬಹಳ ಹೊತ್ತಿನ ಮೇಲೆ ಡಾಕ್ಟರರು ಹೊರಗೆ ಬಂದರು. "ಉಳದಾರ. ಇನ್ನೊಂದ ಸಲ ಇಂಥಾ ಹೊಗಿ ಕುಡದ್ರ ನನ್ನ ಕಡೆ ಕರಕೊಂಡ ಬರಬ್ಯಾಡ್ರಿ. ಉಪಯೋಗ ಇಲ್ಲ" ಅಂದರು. ಅವರು ಮುಚ್ಚುಮರೆ ಮಾಡುವವರಲ್ಲ.

ಮಧ್ಯಾಹ್ನ ಇವರು ಮೂಡಲಗಿಯಿಂದ ಓಡಿ ಬಂದು ತಾಯಿಯ ಬಳಿ ಕೂತರು. ನಾನು ಬಟ್ಟೆ ತರಲು ಮನೆಗೆ ಹೋದವಳು ನೇರ ಮಾಳಿಗೆ ಹತ್ತಿದೆ. ಸಿಟ್ಟು ಎಷ್ಟಿತ್ತೆಂದರೆ ಆ ಸೋಲಾರನ್ನು ಎತ್ತಿ ಕೆಳಗೆ ಒಗೆಯಬೇಕು ಅನ್ನಿಸುತ್ತಿತ್ತು. ಟಾಕಿಯ ಮುಚ್ಚಳ ಸರಿಸಿ ಹೆಗಲ ತನಕ ಕೈ ಇಳಿಸಿದೆ. ತಳದಲ್ಲಿ, ನೀರು ಹೊರಗೆ ಹೋಗುವ ಕೊಳವೆಯ ಬಾಯಿಗೆ, ಮೆತ್ತಗೆ ಏನೋ ತಾಕಿತು. ಅರಿವೆ. ಎರಡು ಪದರದ ಅರಿವೆಯನ್ನು ದಾರ ಸುತ್ತಿ ಬಿಗಿದು ಕಟ್ಟಿತ್ತು. ಮೇಲೆ ಅಂಗೈ ದಪ್ಪ ಕೆಸರು ಕೂತಿತ್ತು. ಗಂಟು ಬಿಚ್ಚಿ ಎಳೆದೆ. ಬೆಳಗ್ಗೆ ತಿರುವಿ ಬಿಟ್ಟಿದ್ದ ಬಚ್ಚಲ ನಳದಿಂದ ಬಿಸಿನೀರು ಭೋರೆಂದು ಸುರಿಯುವ ಸದ್ದು ಕೇಳಿಸಿತು.

ಅದು ಅತ್ತೆಯ ಹಳೇ ಬಿಳಿ ಸೀರೆಯ ತುಂಡು. ಕೆಸರು ಅಂಟಿದ್ದರೂ ಅಂಚು ಗುರುತಾಯಿತು.

ಅವರು ಮನೆಗೆ ಬಂದ ದಿನ ಆ ಅರಿವೆಯನ್ನು ಒಯ್ದು ಹಾಸಿಗೆಯ ಪಕ್ಕ ಇಟ್ಟೆ.

"ಇದ ಯಾರದ್ರಿ?"

"ನಂದ."

"ಆ ದಮ್ಮಿನಾಗ ಮಾಳಗಿ ಹತ್ತಿದ್ರಿ?"

"ಕುಂತ ಕುಂತ ಹತ್ತಿದೆ. ನೀ ಸಾಲಿಗೆ ಹೋಗಿದ್ದಿ." ನಾನು ಆಗ ಕನ್ನಡ ಸಾಲೆಯಲ್ಲಿ ಮಕ್ಕಳಿಗೆ ಕಲಿಸುತ್ತಿದ್ದೆ.

"ನಮಗ ಒಂದ ಮಾತ ಹೇಳಬಾರದಿತ್ತೇನ್ರಿ?"

"ಹೇಳಿದ್ರ ನಗತಿದ್ರಿ."

ನಾವು ನಗುತ್ತಿದ್ದೆವು, ಅದು ಖರೆ. ಅದಕ್ಕೇ ನನ್ನ ಸಿಟ್ಟು ಇನ್ನೂ ಏರಿತು. "ನಿಮ್ಮ ಉಸರು ಉಳೀಲಿ ಅಂತ ಇಷ್ಟೆಲ್ಲಾ ಮಾಡಿದಿವಿ. ನೀವು ನೋಡಿದ್ರ ನಿಮ್ಮ ಕೈಲೆ ಅದರ ಕುತಗಿ ಹಿಚಕಿದ್ರಿ" ಅಂದೆ.

ಅತ್ತೆ ಉಸಿರು ಕೂಡಿಸಿಕೊಂಡರು. ಆಮೇಲೆ ಮೆಲ್ಲಗೆ ಹೇಳಿದರು. "ದಿನಾ ಆ ಗಾಜಿನ ಕೆಳಗ ಎಷ್ಟ ಜೀವ ಕುದೀತಾವ ಅಂತ ನನಗ ನಿದ್ದಿ ಬರತಿರಲಿಲ್ಲ ಬೇ. ನನ್ನ ಒಂದ ಉಸರಿನ ಸಲುವಾಗಿ ಎಷ್ಟ ಉಸರ ತಗೀಬೇಕು?"

ಸಾಲೆಯಲ್ಲಿ ಕಲಿತದ್ದು, ಕಲಿಸಿದ್ದು ಯಾವುದೂ ಆ ಪ್ರಶ್ನೆಯ ಹತ್ತಿರ ಬರುವಂತಿರಲಿಲ್ಲ. ನನಗೆ ಬೇಕಾಗಿದ್ದದ್ದು ಅವರ ಉಸಿರು, ಅಷ್ಟೇ. ಅದನ್ನೇ ಹೇಳಿದೆ. "ನನಗ ನೀವು ಬೇಕ್ರಿ. ನೀರು ಟಾಕಿಗೆ ಬೀಳೂವಲ್ಲೇ ನಾ ಅರಿವಿ ಕಟ್ಟತೀನಿ. ದಿನಾ ಮಾಳಗಿ ಹತ್ತಿ ಬಿಚ್ಚತೀನಿ, ತಿರವಿ ತೊಳದು ಬಾವಿಗೆ ಬಿಡತೀನಿ. ನೀವು ಆ ಒಲಿ ಹಚ್ಚಬ್ಯಾಡ್ರಿ."

"ನೀ? ದಿನಾ?"

"ಹೌದ್ರಿ, ನಾನ."

ಆ ಅರ್ಧ ಹುಬ್ಬು ಮೇಲೇರಿತು. ನಂಬಲಿಲ್ಲವೆಂದು ನನಗೆ ಗೊತ್ತಾಯಿತು.

ಮರುದಿನದಿಂದ ನಾನು ಸಾಲೆಗೆ ಹೊರಡುವ ಮುಂಚೆ ಮಾಳಿಗೆ ಹತ್ತತೊಡಗಿದೆ. ಅತ್ತೆ ಮೆಟ್ಟಿಲ ಬುಡದಲ್ಲಿ ಮಣೆ ಹಾಕಿಕೊಂಡು ಕೂತು ಕೆಳಗಿಂದಲೇ ಕೇಳುತ್ತಿದ್ದರು. "ತಿರವಿ ಹಿಡದಿ ಏನ? ಹಿಂಡಬ್ಯಾಡ. ಹಿಂಡಿದ್ರ ಸಾಯತಾವ." ಎಷ್ಟೋ ದಿನ ಹೊತ್ತಾಗಿ, ಮೈ ಉರಿದು, ಹಿಂಡಿ ಬಿಸಾಕಿ ಹೋಗೋಣ ಅನ್ನಿಸುತ್ತಿತ್ತು. ಆದರೆ ನಾನು ಒಮ್ಮೆ ತಪ್ಪಿದರೆ ಅವರು ಒಲೆ ಹಚ್ಚುತ್ತಾರೆ, ಹಚ್ಚಿದರೆ ಉಳಿಯುವುದಿಲ್ಲ. ಜ್ವರ ಬಂದಾಗಲೂ ಹತ್ತಿದೆ. ಬಸುರಿಯಾದಾಗ ಇವರನ್ನು ಹತ್ತಿಸಿ ನಾನು ಕೆಳಗೆ ನಿಂತು, "ಹಿಂಡಬ್ಯಾಡ್ರಿ" ಅಂದೆ. ಪಕ್ಕದಲ್ಲಿ ಕೂತಿದ್ದ ಅತ್ತೆ ಮುಖ ತಿರುಗಿಸಿಕೊಂಡು ನಕ್ಕರು.

ನಾನು ಬಸುರಿಯಾದ ಆ ವರ್ಷ, ದೀಪಾವಳಿ ಕಳೆದ ಮೇಲೆ ಮಿಸ್ತ್ರಿಯನ್ನು ಅವರೇ ಕರೆಸಿದರು. ಬಚ್ಚಲ ಒಲೆಯ ಮುಂದೆ ನಿಲ್ಲಿಸಿ, "ಇದನ್ನ ಒಡಿ ತಮ್ಮಾ" ಅಂದರು.

"ಆಯೀ, ಖರೇನ?"

"ನನ್ನ ಸೊಸಿ ಮಾತ ಉಳಿಸ್ಯಾಳ. ನಾನೂ ಉಳಿಸಬೇಕಲ್ಲ. ಒಡಿ."

ಆ ಮಾತನ್ನು ಅವರು ನನ್ನ ಮುಂದೆ ಎಂದೂ ಆಡಲಿಲ್ಲ. ನಾನು ಬಾಗಿಲ ಮರೆಯಲ್ಲಿದ್ದದ್ದು ಅವರಿಗೆ ತಿಳಿದಿರಲಿಲ್ಲ. ಮಿಸ್ತ್ರಿ ಹಾರೆ ಎತ್ತಿದಾಗ ನಾನು ಕಣ್ಣೊರೆಸಿಕೊಂಡು ಅಡುಗೆಮನೆಗೆ ಸರಿದೆ.

ಆಮೇಲೆ ಅವರು ಬದುಕಿದ ವರ್ಷಗಳೆಲ್ಲ ನಮಗೆ ಹೆಚ್ಚಿಗೆ ಸಿಕ್ಕವು. ನನ್ನ ಮಗಳನ್ನು ಕಾಲ ಮೇಲೆ ಹಾಕಿಕೊಂಡು ಎರೆದರು, ಅವಳ ಕೈ ಹಿಡಿದು ಬಸದಿಗೆ ನಡೆದೇ ಹೋದರು. ಕಡೆಗೊಂದು ದಿನ ಬಿಸಿಲೇರುವ ಹೊತ್ತಿಗೆ, ಜಪ ಮಾಡುತ್ತ ಕೂತವರು ಕೂತಲ್ಲೇ ಹೋದರು. ದಮ್ಮು ಹತ್ತಿರಲಿಲ್ಲ, ಒದ್ದಾಟವಿರಲಿಲ್ಲ.

ಮನೆ ತುಂಬ ಜನ ಸೇರಿದರು. ಕಣಗಲಾದಿಂದ ಅತ್ತೆಯ ತಂಗಿ ಬಂದಳು, ಅವಳನ್ನು ನಾವು ಮಾವಶಿ ಅನ್ನುತ್ತೇವೆ. ಹೆಣಕ್ಕೆ ಎರೆಯುವ ನೀರನ್ನು ಅಂಗಳದಲ್ಲೇ ಕಾಯಿಸುವುದು ನಮ್ಮಲ್ಲಿ ರೂಢಿ. ಮಾವಶಿ ಮೂರು ಕಲ್ಲು ಹೂಡಿ, ಕೊಡವಿಟ್ಟು, ಬೆಂಕಿ ಹಚ್ಚಿದಳು. ಗಾಳಿ ಒಳಮುಖವಾಗಿತ್ತು. ಹೊಗೆ ಸುರುಳಿಯಾಗಿ ಅತ್ತೆಯನ್ನು ಮಲಗಿಸಿದ್ದ ಪಡಸಾಲೆಗೆ ನುಗ್ಗಿತು.

ನಾನು ಎದ್ದೆ. "ಮಾವಶಿ, ಅದನ್ನ ಆರಸ್ರಿ."

"ಪದ್ಧತಿ ಐತಿ ಬೇ. ಈ ನೀರು ಹೊರಗ ಕಾಯಬೇಕು."

"ಅವರಿಗೆ ಹೊಗಿ ಆಗೂದಿಲ್ರಿ."

"ಈಗ ಆಕಿಗೆ ಎಂಥಾ ಹೊಗಿ, ಹುಚ್ಚಿ?"

ಜನ ನನ್ನನ್ನೇ ನೋಡುತ್ತಿದ್ದರು. ಇವರು "ಬಿಡು" ಎಂಬಂತೆ ಕೈ ಮಾಡಿದರು. ನಾನು ಬಿಡಲಿಲ್ಲ. ಕಲ್ಲಿನ ಮೇಲಿದ್ದ ಕೊಡವನ್ನೇ ಬಗ್ಗಿಸಿ ಬೆಂಕಿಯ ಮೇಲೆ ಸುರಿದೆ. ಇನ್ನು ಸ್ವಲ್ಪ ಹೊತ್ತಿಗೆ ನದಿಯ ದಂಡೆಯ ಚಿತೆಯಲ್ಲಿ ಏನು ಆಗಲಿದೆಯೆಂದು ನನಗೆ ಗೊತ್ತಿಲ್ಲದೆ ಇರಲಿಲ್ಲ. ಅಲ್ಲಿಗೆ ನಮ್ಮಲ್ಲಿ ಹೆಂಗಸರು ಹೋಗುವುದಿಲ್ಲ, ಅದು ನನ್ನ ಕೈಯಲ್ಲಿರಲಿಲ್ಲ. ನಾನಿರುವ ಅಂಗಳದಲ್ಲಿ ಮಾತ್ರ ಅವರ ಮುಖಕ್ಕೆ ಹೊಗೆ ಬಡಿಯಲು ಬಿಡಲಾರೆ. ಬಚ್ಚಲಿಗೆ ಹೋಗಿ ನಳ ತಿರುವಿ ಕೊಡ ಇಟ್ಟೆ. ಅಂದಿನ ಬಿಸಿಲಿಗೆ ನೀರು ಚೆನ್ನಾಗಿ ಕಾದಿತ್ತು. ತುಂಬಿದ ಕೊಡ ನನ್ನೊಬ್ಬಳಿಂದ ಎತ್ತಲಾಗಲಿಲ್ಲ. ಮಾವಶಿ ಬಂದು, ಕೊಡದ ಇನ್ನೊಂದು ಕಡೆ ಕೈ ಹಚ್ಚಿದಳು.